ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲವೇ?

ಹಟ್ಟಿಯಂಗಡಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮೇ ತಿಂಗಳ ಕೊನೆಯಲ್ಲಿ ಮಗಳ ನಿಕಾಹ್ ಆಗಿದೆ. ಗಲ್ಫ್‌ನಲ್ಲಿರುವ ಅಣ್ಣ ಕಳುಹಿಸಿದ ಹಣದಿಂದ ಪೇಟೆಯ ಅಂಗಡಿಯಲ್ಲಿ ಒಂದು ಮಂಚ, ಒಂದು ಕಪಾಟು ಕೊಂಡು ತಂದಿದ್ದಾರೆ. (ವರನ ಕಡೆಯವರು ಮಂಚ-ಕಪಾಟುಗಳ ಪಟ್ಟಿ ಕಳುಹಿಸುವ ರೂಢಿಯ ಬಗ್ಗೆ ಹೇಳಬೇಕಾದುದು ಬಹಳವಿದೆ. ಅದು ಬೇರೆಯೇ ಲೇಖನದ ವಿಷಯ.) ಅಂಗಡಿಯವನು ಸಾಗುವಾನಿ ಎಂದು ಹೇಳಿ ಅದಕ್ಕೆ ತಕ್ಕ ಬೆಲೆಯನ್ನೇ ಪಡೆದಿದ್ದ. ಮಳೆ ಹಿಡಿದು ಎರಡು ವಾರವಾಗುವುದರೊಳಗೆ ಕಪಾಟಿನ ಬಾಗಿಲು ಉಬ್ಬಿ ಮುಚ್ಚದಾಯಿತು. ಮಂಚದ ಕಾಲಿನ ಬುಡದಲ್ಲಿ ದಿನಾ ಬೆಳಿಗ್ಗೆ ಹಿಟ್ಟಿನಂಥ ಪುಡಿ ಬೀಳತೊಡಗಿತು. ಮರಕ್ಕೆ ಕುಟ್ಟೆ ಹಿಡಿದಿತ್ತು. ಅಂಗಡಿಗೆ ಹೋಗಿ ಕೇಳಿದರೆ ಬಂದ ಉತ್ತರ: "ಒಂದ್ ಸಲ ಮಾರಿದ್ದನ್ನ ವಾಪಸ್ ತಕಂತಿಲ್ಲೆ ಸಾಹೇಬ್ರೆ. ಬಿಲ್ಲಲ್ಲೇ ಬರ್ದಿತ್ತಲ್ದಾ!"

ಹೆಚ್ಚಿನವರು ಇಲ್ಲಿಗೇ ಸುಮ್ಮನಾಗುತ್ತಾರೆ. ಕೆಲವರು ಅಂಗಡಿಯ ಮುಂದೆ ನಾಲ್ಕು ಮಾತು ಬೈದು ಬರುತ್ತಾರೆ. ಎರಡರಿಂದಲೂ ಪ್ರಯೋಜನವಿಲ್ಲ. ಬಿಲ್ಲಿನಲ್ಲಿ ಅಚ್ಚಾದ ಆ ಸಾಲು ನಿಜಕ್ಕೂ ನಿಮ್ಮ ಹಕ್ಕನ್ನು ಕಸಿದುಕೊಳ್ಳುತ್ತದೆಯೇ ಎಂಬುದನ್ನು ಮೊದಲು ತಿಳಿಯಬೇಕು.

ಶರೀಅತ್ತಿನ ವ್ಯಾಪಾರ ನಿಯಮಗಳಲ್ಲಿ ಇದಕ್ಕೆ ಒಂದು ಪ್ರತ್ಯೇಕ ಅಧ್ಯಾಯವೇ ಇದೆ. ಸರಕಿನಲ್ಲಿ ದೋಷ ಕಂಡಾಗ ವ್ಯವಹಾರವನ್ನು ರದ್ದುಪಡಿಸಲು ಕೊಂಡವನಿಗಿರುವ ಅಧಿಕಾರವನ್ನು ಕರ್ಮಶಾಸ್ತ್ರ ಪಂಡಿತರು 'ಖಿಯಾರುಲ್ ಐಬ್' ಎಂದು ಕರೆದಿದ್ದಾರೆ. ಪ್ರವಾದಿ(ಸ)ಯವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದಾಗ ಅಡಿಯಲ್ಲಿ ತೇವ ಸಿಕ್ಕಿದ ಘಟನೆಯನ್ನು ನೀವು ಜುಮಾ ಪ್ರವಚನಗಳಲ್ಲಿ ಹಲವು ಬಾರಿ ಕೇಳಿರಬಹುದು. ಮಳೆಗೆ ನೆನೆಯಿತೆಂದು ಮಾರುವವನು ಸಮಜಾಯಿಷಿ ಕೊಟ್ಟ. ಜನ ನೋಡುವಂತೆ ಅದನ್ನು ಮೇಲೆ ಏಕೆ ಇಡಲಿಲ್ಲ ಎಂದು ಪ್ರವಾದಿ(ಸ)ಯವರು ಕೇಳಿದರು. ವಂಚಿಸುವವನು ತಮ್ಮವನಲ್ಲವೆಂದೂ ಎಚ್ಚರಿಸಿದರು. ಇಲ್ಲಿ ಗಮನಿಸಬೇಕಾದುದು ಇಷ್ಟು: ಮಳೆ ಬಂದುದು ಆ ವ್ಯಾಪಾರಿಯ ತಪ್ಪಲ್ಲ. ನೆನೆದ ಧಾನ್ಯವನ್ನು ಮಾರಬಾರದೆಂದೂ ಅವನಿಗೆ ಹೇಳಲಿಲ್ಲ. ಅವನು ಅದನ್ನು ಮುಚ್ಚಿಟ್ಟಿದ್ದೇ ತಪ್ಪಾಯಿತು. ಕೆಚ್ಚಿಲ್ಲದ ಬಿಳಿ ಮರಕ್ಕೆ ಗಾಢ ಬಣ್ಣದ ಪಾಲಿಶ್ ಬಳಿದು ಸಾಗುವಾನಿ ಎಂದು ಮಾರುವವನು ಮಾಡುವುದೂ ಇದನ್ನೇ.

ಆದರೆ ಈ ಅಧಿಕಾರಕ್ಕೆ ಷರತ್ತುಗಳಿವೆ. ಸರಕು ನಿಮ್ಮ ಕೈಸೇರುವ ಮೊದಲೇ ದೋಷ ಅದರಲ್ಲಿರಬೇಕು. ಕೊಳ್ಳುವಾಗ ಅದು ನಿಮಗೆ ತಿಳಿದಿರಬಾರದು. ಕುಟ್ಟೆಯ ವಿಷಯದಲ್ಲಿ ಮೊದಲ ಷರತ್ತನ್ನು ಮರವೇ ರುಜುವಾತುಪಡಿಸುತ್ತದೆ. ಈ ಹುಳು ಸಾಮಾನ್ಯವಾಗಿ ಮೊಟ್ಟೆಯಿಡುವುದು ಪಾಲಿಶ್ ಕಾಣದ ಮರದ ರಂಧ್ರಗಳಲ್ಲಿ. ತಿಂಗಳುಗಟ್ಟಲೆ ಒಳಗೇ ತಿಂದು ಬೆಳೆದು, ಆಮೇಲೆ ತೂತು ಕೊರೆದು ಹೊರಬರುತ್ತದೆ. ಮೂರು-ನಾಲ್ಕು ವಾರದ ಹೊಸ ಮಂಚದಲ್ಲಿ ಪುಡಿ ಬಿದ್ದರೆ ಹುಳು ನಿಮ್ಮ ಮನೆಯಲ್ಲಿ ಸೇರಿಕೊಂಡಿತೆಂದು ನಂಬುವುದು ಕಷ್ಟ.

ಇನ್ನೊಂದು ಷರತ್ತು ನಮ್ಮ ಕರಾವಳಿಯ ಹೆಚ್ಚಿನವರು ಅನುಸರಿಸುವ ಶಾಫಿಈ ಮದ್‌ಹಬ್‌ಗೆ ಸಂಬಂಧಿಸಿದುದು. ದೋಷ ಕಂಡ ಕೂಡಲೇ ಮಾರಿದವನಿಗೆ ತಿಳಿಸಿ, ವಸ್ತುವಿನ ಬಳಕೆಯನ್ನು ನಿಲ್ಲಿಸಬೇಕು. ತಿಳಿದೂ ಬಳಸುತ್ತಾ ಹೋದರೆ ಒಪ್ಪಿಕೊಂಡಂತಾಗಿ ಹಿಂದಿರುಗಿಸುವ ಹಕ್ಕು ತಪ್ಪುತ್ತದೆ. ಮಂಚದಲ್ಲಿ ಆರು ತಿಂಗಳು ಮಲಗಿ ಆಮೇಲೆ ಪೂರ್ತಿ ಹಣ ಕೇಳುವವರು ಇದನ್ನು ಯೋಚಿಸಬೇಕು. ನಿಮ್ಮ ಮನೆಯಲ್ಲಿ ಮಕ್ಕಳು ಕಪಾಟಿನ ಕನ್ನಡಿಯನ್ನು ಒಡೆದಿದ್ದರೆ, ಮಾರಿದವನು ಒಪ್ಪದ ಹೊರತು ಅದನ್ನು ಅವನ ಮೇಲೆ ಹೇರುವಂತಿಲ್ಲ. ಹಳೆಯ ದೋಷಕ್ಕೆ ತಕ್ಕಷ್ಟು ಬೆಲೆಯನ್ನು ಮಾತ್ರ ಕೇಳಬಹುದು. ಬಣ್ಣ ಹಿಡಿಸಲಿಲ್ಲ, ಕೋಣೆಗೆ ದೊಡ್ಡದಾಯಿತು ಎಂಬುದು ದೋಷವೇ ಅಲ್ಲ.

ಹಾಗಾದರೆ ಬಿಲ್ಲಿನ ಆ ಸಾಲು? ಎಲ್ಲ ದೋಷಗಳಿಂದಲೂ ತಾನು ಮುಕ್ತನೆಂದು ಷರತ್ತು ಹಾಕಿ ಮಾರುವುದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಹನಫೀ ಪಂಡಿತರು ಅಂಥ ಷರತ್ತಿಗೆ ಮಾನ್ಯತೆ ಕೊಟ್ಟಿದ್ದಾರೆ. ಶಾಫಿಈಗಳ ಪ್ರಬಲ ಅಭಿಪ್ರಾಯದಂತೆ ಅದು ಸಲ್ಲುವುದು ಪ್ರಾಣಿಗಳಲ್ಲಿ ಮಾರುವವನಿಗೂ ತಿಳಿಯದ ಒಳದೋಷಕ್ಕೆ ಮಾತ್ರ. ಮಂಚ ಪ್ರಾಣಿಯಲ್ಲವಷ್ಟೆ! ಹನಫೀ ವ್ಯಾಪಾರಿಗಳು ಷರತ್ತಿನ ಆಸರೆ ಪಡೆಯುವ ಮುನ್ನ ತಮ್ಮ ಇಮಾಮರ ಬದುಕನ್ನೂ ಒಮ್ಮೆ ನೋಡಲಿ. ಹಿಜರಿ 150ರಲ್ಲಿ ತೀರಿಕೊಂಡ ಇಮಾಮ್ ಅಬೂ ಹನೀಫಾ(ರ) ಕೂಫಾದ ಬಟ್ಟೆ ವ್ಯಾಪಾರಿ. ಪಾಲುದಾರನೊಬ್ಬ ದೋಷವನ್ನು ಹೇಳಲು ಮರೆತು ಬಟ್ಟೆ ಮಾರಿದಾಗ, ಕೊಂಡವನು ಯಾರೆಂದು ತಿಳಿಯದೆ ಅವರು ಆ ಹಣವನ್ನೆಲ್ಲ ದಾನ ಮಾಡಿದರೆಂದು ಅವರ ಚರಿತ್ರೆ ಬರೆದವರು ತಿಳಿಸುತ್ತಾರೆ.

ಇನ್ನು ದೇಶದ ಕಾನೂನು. ಇಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಜಾಗದಲ್ಲಿ ಬಂದ 2019ರ ಕಾಯಿದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ದೋಷವುಳ್ಳ ಸರಕನ್ನು ಹಿಂದಕ್ಕೆ ಪಡೆದು ಹಣ ಮರಳಿಸಲು ಒಪ್ಪದಿರುವುದು ಅದರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ಹೇಳಿದ್ದರೆ ಆ ಅವಧಿಯೊಳಗೆ, ಹೇಳಿಲ್ಲದಿದ್ದರೆ 30 ದಿನಗಳೊಳಗೆ ಅವನು ಹಿಂದಕ್ಕೆ ಪಡೆಯಬೇಕು. ಬಿಲ್ಲು ಕೊಡದಿರುವುದೂ ಅನುಚಿತ ಪದ್ಧತಿಯೇ. ಆದ್ದರಿಂದ ಪುಡಿ ಕಂಡ ದಿನವೇ ಹೊರಡಿ, ಮಳೆ ಬಿಡಲಿ ಎಂದು ಕಾಯಬೇಡಿ. 30 ದಿನ ಕಳೆದ ಮಾತ್ರಕ್ಕೆ ಎಲ್ಲವೂ ಮುಗಿಯಲಿಲ್ಲ. ದೋಷದ ಬಗ್ಗೆ ದೂರು ಕೊಡಲು ಕಾನೂನು ಎರಡು ವರ್ಷದ ಅವಧಿ ಕೊಟ್ಟಿದೆ.

ಮೊದಲು ತೂತುಗಳ, ಉಬ್ಬಿದ ಬಾಗಿಲಿನ ಫೋಟೋ ತೆಗೆದಿಡಿ. ಬಿದ್ದ ಪುಡಿಯನ್ನು ಗುಡಿಸಿ ಎಸೆಯದೆ ಒಂದು ಪೊಟ್ಟಣದಲ್ಲಿ ಕಟ್ಟಿಡಿ. ಬಳಿಕ ಕೊಂಡ ದಿನಾಂಕ, ಬಿಲ್ ಸಂಖ್ಯೆ, ದೋಷ, ನಿಮ್ಮ ಬೇಡಿಕೆ ಇಷ್ಟನ್ನೂ ಸಭ್ಯ ಭಾಷೆಯಲ್ಲಿ ಬರೆದು ಅಂಗಡಿಯವನಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಶೀದಿಯನ್ನು ಇಟ್ಟುಕೊಳ್ಳಿ. ಹೆಚ್ಚಿನ ಜಗಳಗಳು ಈ ಕಾಗದಕ್ಕೇ ಇತ್ಯರ್ಥವಾಗುತ್ತವೆ ಎಂಬುದು ನನ್ನ ಅನಿಸಿಕೆ. ಬಾಯಿಮಾತಿಗೆ ಜಗ್ಗದವನೂ ಕಾಗದಕ್ಕೆ ಹೆದರುತ್ತಾನೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು.

ಆಗಲೂ ಜಗ್ಗದಿದ್ದರೆ ಉಡುಪಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು. ಅಂಗಡಿ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಇದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಹೊಸ ಕಾಯಿದೆ ಅವಕಾಶ ಕೊಟ್ಟಿದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ನೋಟಿಸು ತಲುಪಿದ 30 ದಿನಗಳಲ್ಲಿ, ತಪ್ಪಿದರೆ ಇನ್ನೂ 15 ದಿನಗಳಲ್ಲಿ ಅಂಗಡಿಯವನು ಉತ್ತರ ಕೊಡಬೇಕು. ದುರಸ್ತಿ, ಬದಲಿ ವಸ್ತು, ಹಣ ವಾಪಸಾತಿ, ನಷ್ಟ ಪರಿಹಾರ ಇವುಗಳಲ್ಲಿ ತಕ್ಕುದನ್ನು ಆಯೋಗ ಆದೇಶಿಸುತ್ತದೆ. ಮೂರು ತಿಂಗಳೊಳಗೆ, ಸರಕಿನ ಪರೀಕ್ಷೆ ಬೇಕಾದರೆ ಐದು ತಿಂಗಳೊಳಗೆ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಹಿಡಿಯುವುದುಂಟು. ತಾಳ್ಮೆ ಬೇಕು.

ದೂರಿನ ಜೊತೆ ಪ್ರಮಾಣ ಪತ್ರ ಸಲ್ಲಿಸಬೇಕಾಗುತ್ತದೆ. ಅದು ಅಲ್ಲಾಹನ ಮುಂದೆ ನುಡಿದ ಮಾತೂ ಹೌದು. ಸೋರುವ ಮಾಡಿನ ಅಡಿಯಲ್ಲಿ ನೀವೇ ಕಪಾಟು ಇಟ್ಟಿದ್ದರೆ ಹಾಗೆಂದೇ ಬರೆಯಿರಿ. ಕುಟ್ಟೆಯ ದೂರಿಗೆ ಅದರಿಂದ ಧಕ್ಕೆಯಿಲ್ಲ. ಕಪಾಟಿನ ಹಣ ಸಿಗದಿರಬಹುದು, ಮಂಚದ್ದು ಸಿಗಬಹುದು.

ಎಲ್ಲಕ್ಕಿಂತ ಮುಖ್ಯವಾದುದು ಕೊಳ್ಳುವ ದಿನದ ಕೆಲಸ. ವ್ಯವಹಾರವನ್ನು ಬರೆದಿಡಬೇಕೆಂಬ ಆದೇಶ ಸೂರಃ ಅಲ್ ಬಕರಃದ ಅತ್ಯಂತ ದೀರ್ಘ ಸೂಕ್ತದಲ್ಲಿದೆ. ನಾವು ಸಾಲದ ಮಟ್ಟಿಗಷ್ಟೇ ಅದನ್ನು ನೆನೆಯುತ್ತೇವೆ. ಆದರೆ ಕೈಗೆ ಕೈ ನಡೆಯುವ ವ್ಯಾಪಾರದಲ್ಲೂ ಸಾಕ್ಷಿಯಿರಲಿ ಎಂದು ಅದೇ ಸೂಕ್ತ ಹೇಳುತ್ತದೆ. ಬರಿಯ 'ಮಂಚ ಒಂದು' ಎಂಬ ಬಿಲ್ಲನ್ನು ಜೇಬಿಗಿಳಿಸಬೇಡಿ. 'ಸಾಗುವಾನಿ' ಎಂದು ಬಾಯಲ್ಲಿ ಹೇಳಿದವನು ಬಿಲ್ಲಿನಲ್ಲೂ ಹಾಗೆಯೇ ಬರೆಯಲಿ. ಬರೆಯಲು ಅವನು ಹಿಂಜರಿದರೆ ಹಣ ಇನ್ನೂ ನಿಮ್ಮ ಕೈಯಲ್ಲೇ ಇದೆ, ಪಕ್ಕದ ಅಂಗಡಿಯೂ ತೆರೆದಿದೆ.