ಮುದ್ರೆಯ ಮೇಲೊಂದು ಮುದ್ರೆ: ಟೋಕನ್, ಪದಕ ಮತ್ತು ಮರುಮುದ್ರಿತ ನಾಣ್ಯಗಳ ಸಂಗ್ರಹ

ನಾಣ್ಯಸಂಗ್ರಹವನ್ನು ಬಿಡುವಿನ ವೇಳೆಯ ಹವ್ಯಾಸವೆಂದು ಭಾವಿಸುವುದು ರೂಢಿ. ಆದರೆ ಶಾಸನ, ಹಸ್ತಪ್ರತಿಗಳಂತೆ ನಾಣ್ಯವೂ ಒಂದು ಲಿಖಿತ ಆಕರ. ಅದನ್ನು ಕೂಡಿಡುವವನು ತಿಳಿದೋ ತಿಳಿಯದೆಯೋ ಒಂದು ಪಠ್ಯದ ಪಾಲಕನಾಗಿರುತ್ತಾನೆ. ಸಾಧಾರಣ ನಾಣ್ಯಗಳಿಗಿಂತಲೂ ಅವುಗಳ ಅಂಚಿನಲ್ಲಿ ನಿಲ್ಲುವ ಮೂರು ವರ್ಗಗಳಿಗೆ ಈ ಮಾತು ಹೆಚ್ಚು ಸಲ್ಲುತ್ತದೆ. ಚಲಾವಣೆಯಲ್ಲಿರುವ ನಾಣ್ಯದ ಮೇಲೆ ಬೇರೊಂದು ಅಧಿಕಾರ ತನ್ನ ಗುರುತನ್ನು ಒತ್ತಿದಾಗ ಅದು ಮರುಮುದ್ರಿತ ನಾಣ್ಯವೆನಿಸುತ್ತದೆ. ಘಟನೆಯ ಸ್ಮರಣೆಗಾಗಿ ಅಥವಾ ಸೇವೆಯ ಮನ್ನಣೆಗಾಗಿ ಕೊಟ್ಟದ್ದು ಪದಕ. ದೇವಾಲಯ, ಗಿರಣಿ, ಅಂಗಡಿಗಳಂಥ ಸೀಮಿತ ವಲಯದಲ್ಲಿ ಮಾತ್ರ ಅರ್ಥವುಳ್ಳದ್ದು ಟೋಕನ್.

ಠಾಣೆಯ ಕೋಪರಿಯಂಥ ಬಡಾವಣೆಯಲ್ಲಿ ನೆಲೆಸಿದ ಕನ್ನಡಿಗನಿಗೆ ಮರುಮುದ್ರೆಯ ಮೊದಲ ಪಾಠ ದೂರದಲ್ಲಿಲ್ಲ. ಕಸಾರಾ ಘಟ್ಟವನ್ನು ಹತ್ತಿದರೆ ಸಿಗುವ ನಾಸಿಕ ಪ್ರದೇಶದ ಜೋಗಲ್‌ಥೆಂಬಿಯಲ್ಲಿ 1906ರಲ್ಲಿ ಬೆಳ್ಳಿ ನಾಣ್ಯಗಳ ಒಂದು ನಿಧಿ ದೊರೆಯಿತು. ಅದರಲ್ಲಿದ್ದ ಸುಮಾರು 13,250 ನಾಣ್ಯಗಳು ಕ್ಷಹರಾತ ದೊರೆ ನಹಪಾನನವು. ಅವುಗಳಲ್ಲಿ ಮೂರನೆಯ ಎರಡು ಪಾಲಿಗೂ ಹೆಚ್ಚಿನವುಗಳ ಮೇಲೆ ಗೌತಮೀಪುತ್ರ ಸಾತಕರ್ಣಿಯ ಮುದ್ರೆಯಿದೆ. ಒಂದು ಬದಿಯಲ್ಲಿ ಕಮಾನುಗಳುಳ್ಳ ಬೆಟ್ಟ ಮತ್ತು ಬ್ರಾಹ್ಮಿಯಲ್ಲಿ ಅವನ ಹೆಸರು, ಇನ್ನೊಂದು ಬದಿಯಲ್ಲಿ ಉಜ್ಜಯಿನಿ ಚಿಹ್ನೆ. ಕೆಳಗೆ ನಹಪಾನನ ಮುಖವೂ ಗ್ರೀಕ್, ಬ್ರಾಹ್ಮಿ, ಖರೋಷ್ಠಿ ಲಿಪಿಗಳ ಅಕ್ಷರಗಳೂ ಅರೆಬರೆಯಾಗಿ ಉಳಿದಿವೆ.

ಗೆದ್ದ ಅರಸನು ನಾಣ್ಯಗಳನ್ನು ಕರಗಿಸದೆ ಹೀಗೇಕೆ ಮಾಡಿದನು? ಬೆಳ್ಳಿ ಅದೇ ಬೆಳ್ಳಿ, ತೂಕ ಅದೇ ತೂಕ. ಬದಲಾಗಬೇಕಾದದ್ದು ಒಡೆತನ ಮಾತ್ರ. ಹೊಸ ಅಚ್ಚೊತ್ತುವಿಕೆಯಿಂದ ಖರ್ಚು ಉಳಿಯಿತು, ಸೋಲಿನ ಸುದ್ದಿ ಸಂತೆಯವರೆಗೂ ಮುಟ್ಟಿತು. ಸಾತವಾಹನರು ಕ್ಷಹರಾತ ವಂಶವನ್ನು ನಿರ್ಮೂಲಗೊಳಿಸಿದರೆಂದು ಗೌತಮೀ ಬಲಶ್ರೀಯ ನಾಸಿಕ ಶಾಸನ ಹೇಳುತ್ತದೆ. ಆ ಮಾತಿಗೆ ಈ ನಾಣ್ಯಗಳು ಸ್ವತಂತ್ರ ಸಾಕ್ಷಿ. ಎರಡೂ ಮುದ್ರೆಗಳು ಒಟ್ಟಿಗೆ ಉಳಿದಿರುವುದರಿಂದಲೇ ಈ ಸಾಕ್ಷ್ಯ ಸಾಧ್ಯವಾಗಿದೆ ಎಂಬುದನ್ನು ಮರೆಯಬಾರದು.

ಇಲ್ಲಿ ಒಂದು ವ್ಯತ್ಯಾಸವನ್ನು ಗುರುತಿಸಬೇಕು. ಕಲ್ಯಾಣ ಚಾಲುಕ್ಯರ ಚಿನ್ನದ ಪದ್ಮಟಂಕಗಳ ಮೇಲೂ ಹಲವು ಮುದ್ರೆಗಳನ್ನು ಬಿಡಿಬಿಡಿಯಾಗಿ ಒತ್ತಲಾಗಿದೆ. ಆದರೆ ಅವು ಒಂದೇ ಅಧಿಕಾರದ ಒಂದೇ ಸಲದ ಕೆಲಸ. ಆದ್ದರಿಂದ ಅವನ್ನು ಮರುಮುದ್ರಿತ ನಾಣ್ಯಗಳೆನ್ನಲಾಗದು. ಈ ಕಲ್ಯಾಣವೂ ಠಾಣೆಯ ಬದಿಯ ಕಲ್ಯಾಣವಲ್ಲ, ಬೀದರ ಜಿಲ್ಲೆಯ ಬಸವಕಲ್ಯಾಣ. ಹೆಸರಿನ ಸಾಮ್ಯವನ್ನು ನಂಬಿ ದೊರೆತ ಸ್ಥಳವನ್ನು ತಪ್ಪಾಗಿ ದಾಖಲಿಸಿದರೆ ನಾಣ್ಯದ ಚರಿತ್ರೆಯೇ ದಿಕ್ಕು ತಪ್ಪುತ್ತದೆ.

ಪದಕಗಳಲ್ಲಿ ಎರಡು ಕನ್ನಡನಾಡಿಗೆ ನೇರವಾಗಿ ಸಂಬಂಧಿಸಿದವು. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದುದರ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿಯು ಕೊಡಿಸಿದ ಪದಕ ಮೊದಲನೆಯದು. ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ ತಯಾರಾಗಿ 1808ರಲ್ಲಿ ಹಂಚಿಕೆಯಾದ ಇದರ ಮೇಲೆ ಸಿಂಹವು ಹುಲಿಯನ್ನು ಕೆಡಹುವ ಚಿತ್ರವಿದೆ. ಹುಲಿ ಟಿಪ್ಪುವಿನ ಲಾಂಛನ. ಪದಕದ ಮೇಲೆ ಅರಬಿ, ಪಾರಸಿ ಬರಹಗಳುಂಟು, ಕನ್ನಡವಿಲ್ಲ.

ಎರಡನೆಯದು ಕೊಡಗಿನ ಪದಕ. 1834ರಲ್ಲಿ ಕಂಪನಿಯು ಚಿಕ್ಕವೀರರಾಜೇಂದ್ರನಿಂದ ಕೊಡಗನ್ನು ಕಸಿದುಕೊಂಡಿತು. 1837ರಲ್ಲಿ ಸುಳ್ಯ ಸೀಮೆಯಲ್ಲಿ ಎದ್ದ ದಂಗೆ ಮಂಗಳೂರನ್ನು ಕೆಲಕಾಲ ವಶಪಡಿಸಿಕೊಂಡಿತ್ತು. ಅದನ್ನು ಅಡಗಿಸಲು ನೆರವಾದ ಕೊಡಗರಿಗೆ ಕಂಪನಿಯು ಚಿನ್ನ ಮತ್ತು ಬೆಳ್ಳಿಯ ಪದಕಗಳನ್ನು ನೀಡಿತು. ಒಂದು ಬದಿಯಲ್ಲಿ ಆಯುಧಧಾರಿಯಾದ ಕೊಡಗ ವೀರನ ಆಕೃತಿಯೊಡನೆ ಕನ್ನಡ ಬರಹವಿದ್ದರೆ ಮತ್ತೊಂದು ಬದಿಯಲ್ಲಿ ಇಂಗ್ಲಿಷ್ ಬರಹವಿದೆ. ಕಂಪನಿ ಸರಕಾರಕ್ಕೆ ತೋರಿದ ನಿಷ್ಠೆಯ ಗುರುತು ಎಂಬುದು ಅದರ ತಾತ್ಪರ್ಯ. ಪದಕದಲ್ಲಿ ಬಂಡಾಯವೆನಿಸಿದ್ದನ್ನು ಇಂದು ಅಮರಸುಳ್ಯದ ಸ್ವಾತಂತ್ರ್ಯ ಹೋರಾಟವೆಂದು ಕರೆಯುತ್ತಾರೆ. ಜನರ ಬಾಯಲ್ಲಿ ಅದು ಕಲ್ಯಾಣಪ್ಪನ ಕಾಟಕಾಯಿ. ಒಂದೇ ಘಟನೆಗೆ ಮೂರು ಹೆಸರು. ಕನ್ನಡದ ನುಡಿ ಯಾರ ಪರವಾಗಿ ಯಾವಾಗ ಬಳಕೆಯಾಯಿತೆಂಬ ಪ್ರಶ್ನೆಯನ್ನು ಈ ಪದಕ ಎತ್ತುವಷ್ಟು ನೇರವಾಗಿ ಎತ್ತುವ ಬರಹಗಳು ವಿರಳ. ಪದಕವನ್ನು ಕೂಡಿಡುವುದು ಅದರ ಪಕ್ಷ ವಹಿಸಿದಂತಲ್ಲ. ಎರಡು ಪಕ್ಷಗಳೂ ಇದ್ದುವೆಂಬ ಆಧಾರವನ್ನು ಕಾಯ್ದಿಟ್ಟಂತೆ.

ಟೋಕನುಗಳ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. ರಾಮಪಟ್ಟಾಭಿಷೇಕದ ಚಿತ್ರವುಳ್ಳ ರಾಮಟಂಕಗಳು ಪೂಜೆಗೆಂದು ಮನೆಗಳಲ್ಲಿ ಉಳಿದು ಬಂದಿವೆ. ಅವುಗಳಿಗೆ ಧಾರ್ಮಿಕ ಮಹತ್ವವುಂಟು. ಆದರೆ ದೇವತೆಗಳ ಚಿತ್ರದೊಡನೆ ಕಂಪನಿಯ ಹೆಸರು, ಆಣೆಯ ಬೆಲೆ, 1818ರಂಥ ಇಸವಿ ಹೊತ್ತ ತಾಮ್ರದ ಬಿಲ್ಲೆಗಳು ಕಂಪನಿಯ ಟಂಕಸಾಲೆಯವಲ್ಲ. ಬಹಳ ಈಚೆಗೆ ತಯಾರಾದ ಅವನ್ನು ಲಕ್ಷಗಟ್ಟಲೆ ಬೆಲೆಯ ಪ್ರಾಚೀನ ನಾಣ್ಯಗಳೆಂದು ಮಾರುವುದು ವಂಚನೆ. ಇದಕ್ಕೆ ಬದಲಾಗಿ, ಚಿಲ್ಲರೆಯ ಅಭಾವದಲ್ಲಿ ಅಂಗಡಿ, ಹೋಟೆಲುಗಳು ಕೊಟ್ಟ ಬಿಲ್ಲೆ, ಕೂಪನುಗಳು ಬೆಲೆಯಲ್ಲಿ ಅಗ್ಗವಾದರೂ ವಲಸೆ ಬಂದು ದುಡಿದವರ ದಿನನಿತ್ಯದ ಬದುಕಿಗೆ ನಿಜವಾದ ದಾಖಲೆಗಳು.

ಸಂಗ್ರಾಹಕನ ಕರ್ತವ್ಯಗಳು ಸರಳವಾಗಿವೆ. ಹುಣಸೆಹಣ್ಣು, ಆಮ್ಲಗಳಿಂದ ನಾಣ್ಯವನ್ನು ಉಜ್ಜಿ ಬೆಳಗಬಾರದು. ಮೊದಲು ಅಳಿಯುವುದು ಮಾಸಿದ ಕೆಳಮುದ್ರೆಯೇ. ತೂಕ, ವ್ಯಾಸ, ಲೋಹ, ಎರಡೂ ಬದಿಯ ಬರಹ, ದೊರೆತ ಊರು, ಕೈಸೇರಿದ ಬಗೆ ಇವನ್ನು ಅಂದೇ ಬರೆದಿಡಬೇಕು. ನೆಲದಲ್ಲಿ ಹುದುಗಿದ್ದ ಹತ್ತು ರೂಪಾಯಿಗೆ ಮೇಲ್ಪಟ್ಟ ಬೆಲೆಯ ನಿಧಿ ಸಿಕ್ಕರೆ 1878ರ ನಿಧಿ ಕಾಯಿದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯಗಳನ್ನು ಖಾಸಗಿಯಾಗಿ ಹೊರದೇಶಕ್ಕೆ ಸಾಗಿಸುವುದನ್ನು 1972ರ ಪುರಾವಸ್ತು ಕಾಯಿದೆ ನಿಷೇಧಿಸುತ್ತದೆ. ನಾಸಿಕದ ಬಳಿಯ ಅಂಜನೇರಿಯಲ್ಲಿ 1980ರಲ್ಲಿ ಸ್ಥಾಪನೆಯಾದ ನಾಣ್ಯಶಾಸ್ತ್ರ ಸಂಶೋಧನ ಸಂಸ್ಥೆಯೂ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದ ನಾಣ್ಯಸಂಗ್ರಹವೂ ಈ ಭಾಗದ ಅಭ್ಯಾಸಿಗಳಿಗೆ ಸಮೀಪದಲ್ಲಿವೆ.

ಹಸ್ತಪ್ರತಿಯ ತಿದ್ದುಪಡಿಗಳನ್ನು ಅಳಿಸದೆ ಓದುವುದು ಗ್ರಂಥಸಂಪಾದನೆಯ ಮೊದಲ ನಿಯಮ. ಕನ್ನಡ ವಿದ್ಯಾರ್ಥಿಗೆ ಅದು ಹೊಸತಲ್ಲ. ಅದೇ ನಿಯಮವನ್ನು ಲೋಹದ ಮೇಲಿನ ಬರಹಕ್ಕೂ ಅನ್ವಯಿಸಿದಾಗ ಹವ್ಯಾಸವು ಅಧ್ಯಯನವಾಗುತ್ತದೆ.