ಅಳಲೆಕಾಯಿಯ ಬಣ್ಣ

ಅಕ್ಕಂದಿರೇ, ಅಳಲೆಕಾಯಿ ಕಚ್ಚಿ ನೋಡಿದ್ದೀರಾ? ಒಗರು ಅಂದರೆ ಒಗರು! ಬಾಯಿ ಮುದುಡಿ ಹೋಗುತ್ತದೆ. ಆ ಒಗರೇ ಬಟ್ಟೆಗೆ ಬಣ್ಣ ಹಿಡಿಸುತ್ತದೆ.

ಹಳಿಯಾಳ, ಜೋಯಿಡಾ, ದಾಂಡೇಲಿ, ಮುಂಡಗೋಡ ಕಡೆಯ ಕಾಡಿನಲ್ಲಿ ಅಳಲೆ ಮರ ಇದೆ. ನಾವು ಕಾಯಿ ಆರಿಸುತ್ತೇವೆ. ಒಣಗಿಸಿ ಮಾರುತ್ತೇವೆ. ಆ ದುಡ್ಡಿನಲ್ಲಿ ಸಂತೆಯಿಂದ ಬಣ್ಣದ ಪುಡಿ ತರುತ್ತೇವೆ. ಇದು ಯಾವ ಲೆಕ್ಕ?

ಪುಡಿ ಬಣ್ಣ ಅಗ್ಗ, ಕೆಲಸವೂ ಬೇಗ. ಸುಳ್ಳಲ್ಲ. ಆದರೆ ಬಣ್ಣವೆಲ್ಲ ಬಟ್ಟೆಗೆ ಹತ್ತುವುದಿಲ್ಲ. ಉಳಿದದ್ದು ನೀರಿನ ಜೊತೆ ಹಳ್ಳ ಸೇರುತ್ತದೆ. ಅದು ಬೇಗ ಕೊಳೆಯುವುದಿಲ್ಲ. ಅಜೋ ಎಂಬ ಜಾತಿಯ ಕೆಲವು ಬಣ್ಣಗಳಿಂದ ಕ್ಯಾನ್ಸರ್ ತರುವ ವಸ್ತು ಹುಟ್ಟುತ್ತದೆ. ಅಂಥ ಬಣ್ಣಗಳನ್ನು ಭಾರತ ಸರಕಾರ 1997ರಲ್ಲಿ ನಿಷೇಧಿಸಿತು. ಹೆಸರಿಲ್ಲದ ಪೊಟ್ಟಣದಲ್ಲಿ ಏನಿದೆಯೋ ಯಾರಿಗೆ ಗೊತ್ತು? ಈಗ ನಮಗೆ ಓದಲು ಬರುತ್ತದೆ. ಪೊಟ್ಟಣದ ಮೇಲೆ ಏನು ಬರೆದಿದೆ, ಓದಿಯೇ ಕೊಳ್ಳೋಣ.

ಹಳಿಯಾಳ, ಮುಂಡಗೋಡದ ಸಿದ್ದಿ ಅಕ್ಕಂದಿರು ಹಳೆ ಸೀರೆಯ ತುಂಡು ಸೇರಿಸಿ ಕೌದಿ ಹೊಲಿಯುತ್ತಾರೆ. ಮೂಲೆಗೆ ಹೂವಿನಂತೆ ಬಟ್ಟೆ ಮಡಚಿ ಇಡುತ್ತಾರೆ. ಎಷ್ಟು ಚೆಂದ! ಕೂಸು ಮಲಗುವುದೂ ಅದರ ಮೇಲೆಯೇ. ಅಂಥ ಕೌದಿಯ ಬಿಳಿ ಹತ್ತಿ ತುಂಡಿಗೆ ಮನೆಯಲ್ಲೇ ಬಣ್ಣ ಹಾಕಬಹುದು.

ಮೊದಲು ಅಂಟುವಾಳದ ನೊರೆಯಲ್ಲಿ ಬಟ್ಟೆ ಒಗೆಯಬೇಕು. ಜಿಡ್ಡು ಇದ್ದರೆ ಬಣ್ಣ ಹಿಡಿಯದು. ಅಳಲೆಕಾಯಿಯ ಬೀಜ ತೆಗೆದು, ಸಿಪ್ಪೆ ಕುಟ್ಟಿ ಪುಡಿ ಮಾಡಿ. ಒಂದು ಕಿಲೋ ಬಟ್ಟೆಗೆ 200 ಗ್ರಾಂ ಪುಡಿ ಸಾಕು. ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ ಸೋಸಿ. ಆ ನೀರು ಆರಿದ ಮೇಲೆ ಬಟ್ಟೆ ಅದ್ದಿಡಿ. ಆಮೇಲೆ ಹಿಂಡಿ ನೆರಳಲ್ಲಿ ಒಣಹಾಕಿ. ತಿಳಿ ಹಳದಿ ಬರುತ್ತದೆ.

ಕಪ್ಪು ಬೇಕೇ? ಬಾಳೆಕಾಯಿ ಹೆಚ್ಚಿದರೆ ಈಳಿಗೆ ಕಪ್ಪಾಗುತ್ತದಲ್ಲ, ಅದೇ ಗುಟ್ಟು. ಒಗರಿಗೆ ಕಬ್ಬಿಣ ಸೇರಿದರೆ ಕಪ್ಪು. ಮಣ್ಣಿನ ಗಡಿಗೆಯಲ್ಲಿ ಬೆಲ್ಲದ ನೀರು ಹಾಕಿ, ತುಕ್ಕು ಹಿಡಿದ ಮೊಳೆ ಹಾಕಿ, ಹದಿನೈದು ಇಪ್ಪತ್ತು ದಿನ ಇಡಿ. ಗಡಿಗೆಯನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಆ ನೀರು ಸೋಸಿ, ಅಳಲೆ ಹಾಕಿದ ಬಟ್ಟೆಯನ್ನು ಅದರಲ್ಲಿ ಅದ್ದಿ ತೆಗೆಯಿರಿ. ಕಣ್ಣೆದುರೇ ಬಟ್ಟೆ ಕಪ್ಪಾಗುತ್ತದೆ! ಆದರೆ ಕಬ್ಬಿಣದ ನೀರು ಹೆಚ್ಚಾದರೆ ನೂಲು ಪಿಸಿಯುತ್ತದೆ. ಮೊದಲು ಚಿಂದಿ ಬಟ್ಟೆ ಅದ್ದಿ ನೋಡಿ.

ಇದು ಬರೀ ಮನೆ ಕೆಲಸ ಅಂತ ತಿಳಿಯಬೇಡಿ. ಸಾಗರ ತಾಲೂಕಿನ ಹೆಗ್ಗೋಡಿನ ಹತ್ತಿರ 1996ರಲ್ಲಿ ಚರಕ ಎಂಬ ಹೆಣ್ಣುಮಕ್ಕಳ ಸಹಕಾರ ಸಂಘ ಶುರುವಾಯಿತು. ಕಟ್ಟಲು ಮುಂದಾದವರು ನಾಟಕದ ಪ್ರಸನ್ನ ಅವರು. ಅಡಿಕೆ ಬೇಯಿಸಿ ಉಳಿದ ಚೊಗರಿನಿಂದ ಅಲ್ಲಿನ ಅಕ್ಕಂದಿರು ಕೈಮಗ್ಗದ ಬಟ್ಟೆಗೆ ಬಣ್ಣ ಹಾಕಿದರು. ಆ ಬಟ್ಟೆ ಬೆಂಗಳೂರಿನಲ್ಲೂ ಮಾರಾಟವಾಯಿತು. ಜೋಯಿಡಾದ ತೋಟಗಳಲ್ಲೂ ಅಡಿಕೆ ಇದೆಯಲ್ಲ.

ಕಾಯಿ ತರುವಾಗ ಕೊಂಬೆ ಮುರಿಯಬೇಡಿ. ಬಿದ್ದದ್ದನ್ನು ಆರಿಸಿದರೆ ಬರುವ ವರ್ಷವೂ ಸಿಗುತ್ತದೆ.

ಗಿಡದ್ದು ಅಂತ ಒಗೆದ ನೀರನ್ನು ಹಳ್ಳಕ್ಕೆ ಸುರಿಯುವುದೂ ಬೇಡ. ಅಂಟುವಾಳದ ನೊರೆ ಹೆಚ್ಚಾದರೆ ಮೀನು ಸಾಯುತ್ತವೆ. ಹಿತ್ತಲಲ್ಲಿ, ಬಾವಿಯಿಂದ ದೂರ ಗುಂಡಿ ತೋಡಿ ಅಲ್ಲಿ ಚೆಲ್ಲಿ. ನೊರೆ ಅಲ್ಲೇ ಮಣ್ಣಿನಲ್ಲಿ ಕೊಳೆಯುತ್ತದೆ.