ಮೊಣಕಾಲಿಗೆ ರವಿವಾರ ಗೊತ್ತಿಲ್ಲ

ತಮ್ಮಾ, ನೀನು ಸೈಕಲ್ ಕೊಂಡ ಸುದ್ದಿ ಓಣಿಗೆಲ್ಲ ಮುಟ್ಟಿದೆ. ಒಳ್ಳೆಯದೇ ಆಯಿತು. ಹಾಲಿನ ಪಾಕೀಟು ತರಲೂ ಮೋಟರ್‌ಸೈಕಲ್ ಒದೆಯುವ ಕಾಲದಲ್ಲಿ ಆಫೀಸಿಗೆ ಸೈಕಲ್ ತುಳಿದುಕೊಂಡು ಹೋಗುತ್ತೀಯಲ್ಲ, ಅದಕ್ಕೆ ಶಹಬ್ಬಾಸ್. ರವಿವಾರ ನಸುಕಿನಲ್ಲೇ ಎದ್ದು ಗೆಳೆಯರ ಜೊತೆ ತಿಕೋಟಾ, ಬಬಲೇಶ್ವರ ಅಂತ ಸುತ್ತಿ ಬರುತ್ತೀಯಂತೆ. ಅದಕ್ಕೂ ಶಹಬ್ಬಾಸ್. ಆದರೆ ಸೈಕಲ್ಲಿನ ಬಣ್ಣ ಮಾಸುವ ಮೊದಲೇ ಮೊಣಕಾಲಿಗೆ ಮುಲಾಮು ತಿಕ್ಕುತ್ತಿದ್ದೀ ಅಂತ ನಿಮ್ಮವ್ವ ಹೇಳಿದಳು. ಮುಲಾಮಿನ ವಾಸನೆ ನಮ್ಮ ವಯಸ್ಸಿನವರ ಹಕ್ಕು. ಇಷ್ಟು ಬೇಗ ಅದರಲ್ಲಿ ಪಾಲು ಕೇಳಲು ಬರಬೇಡ.

ನಿನ್ನ ತಕರಾರು ಎಲ್ಲಿದೆ ಹೇಳಲೇನು? ನಿನ್ನ ತಲೆಯಲ್ಲಿ ಸವಾರಿ ಎರಡು. ವಾರದ್ದು ಹೊಟ್ಟೆಪಾಡಿಗೆ, ರವಿವಾರದ್ದು ಮಜಾಕ್ಕೆ. ಹೊಟ್ಟೆಪಾಡಿನ ಸವಾರಿಯನ್ನು ನೀನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೊಣಕಾಲು ಮಾತ್ರ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಂತೆ ಎಲ್ಲವನ್ನೂ ಒಂದೇ ಹೆಸರಿನಲ್ಲಿ ಬರೆದುಕೊಳ್ಳುತ್ತದೆ. ಮನೆಯಿಂದ ಆಫೀಸಿಗೆ 6 ಕಿ.ಮೀ. ಇದ್ದರೆ ಹೋಗಿ ಬರಲು 12. ಆರು ದಿನಕ್ಕೆ 72. ಅದರ ಮೇಲೆ ಬಬಲೇಶ್ವರಕ್ಕೆ ಹೋಗಿ ಬಂದರೆ ಸುಮಾರು 50. ನೀನು ಗೆಳೆಯರ ಮುಂದೆ ಹೇಳುವುದು ಐವತ್ತು. ಮೊಣಕಾಲು ತುಳಿದದ್ದು ನೂರಿಪ್ಪತ್ತರ ಮೇಲೆ. ಅದಕ್ಕೆ ರವಿವಾರವೂ ಗೊತ್ತಿಲ್ಲ, ಸೋಮವಾರವೂ ಗೊತ್ತಿಲ್ಲ.

ಸುತ್ತಲ ಹಳ್ಳಿಗಳಿಂದ ಹಾಲಿನ ಕ್ಯಾನು ಕಟ್ಟಿಕೊಂಡು ವಿಜಯಪುರಕ್ಕೆ ಬರುತ್ತಿದ್ದವರನ್ನು ನಾನು ಕಣ್ಣಾರೆ ಕಂಡವನು. ಕರೀ ಸೈಕಲ್ಲು, ಗಿಯರಿಲ್ಲ, ಹಿಂದೆ ಎರಡು ಕ್ಯಾನು. ಒಬ್ಬರೂ ಅವಸರ ಮಾಡುತ್ತಿರಲಿಲ್ಲ. ಏರು ಬಂದರೆ ಸುಮ್ಮನೆ ಇಳಿದು ತಳ್ಳುತ್ತಿದ್ದರು. ಇಳಿದರೆ ಮರ್ಯಾದೆ ಹೋಗುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾಳೆಯೂ ಇದೇ ಕಾಲಿನಿಂದ ಬರಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ನಿನಗಾದರೋ ಗಾಂಧಿ ಚೌಕದಲ್ಲಿ ಆಟೋ ಒಂದು ಮುಂದೆ ಹೋದರೆ ಸಾಕು, ಮೈಮೇಲೆ ಬರುತ್ತದೆ. ಅವನಿಗೆ ಎಂಜಿನ್ ಇದೆಯಪ್ಪಾ, ಬಿಟ್ಟುಬಿಡು. ಆಫೀಸಿಗೆ ಹೋಗುವಾಗ ಪಕ್ಕದವನೊಡನೆ ಮಾತಾಡುತ್ತ ತುಳಿಯುವಷ್ಟೇ ವೇಗ ಸಾಕು. ಉಸಿರು ಕಟ್ಟಿ ಮಾತು ನಿಂತಿತೋ, ನಿಧಾನ ಮಾಡು. ವಾರದ ಸವಾರಿ ಹಗುರಾಗಿದ್ದರೆ ರವಿವಾರದ್ದಕ್ಕೆ ಅದೇ ತಯಾರಿ. ಭಾರವಾದರೆ ಅದೇ ಕುತ್ತು.

ಇನ್ನು ಗಿಯರಿನ ಮಾತು. ನೀನು ಎಂಟನೇ ಇಯತ್ತೆಯಲ್ಲಿ ಓಡಿಸಿದ್ದು ಸರಕಾರ ಕೊಟ್ಟ ಸೈಕಲ್. 2006-07ರಲ್ಲಿ ಶುರುವಾದ ಆ ಯೋಜನೆ ಎಷ್ಟೋ ಮಕ್ಕಳನ್ನು ಹೈಸ್ಕೂಲಿಗೆ ಮುಟ್ಟಿಸಿತು, ಆದರೆ ಗಿಯರು ಕಲಿಸಲಿಲ್ಲ. ಈಗ ಗಿಯರಿನ ಸೈಕಲ್ ಕೊಂಡು ಎಲ್ಲಕ್ಕಿಂತ ಭಾರದ ಗಿಯರಿನಲ್ಲೇ ಇಟ್ಟು ಮೈಯೆಲ್ಲ ಹಾಕಿ ಒತ್ತುತ್ತೀ. ಅದನ್ನು ಶಕ್ತಿ ಅಂದುಕೊಂಡಿದ್ದೀ. ಒಂದೊಂದು ಒತ್ತಿಗೂ ಮೊಣಕಾಲ ಚಿಪ್ಪು ತೊಡೆ ಎಲುಬಿಗೆ ಅಮುಕುತ್ತದೆ. ಗಿಯರು ಭಾರವಾದಷ್ಟೂ ಅಮುಕು ಹೆಚ್ಚು. ಹಗುರ ಗಿಯರಿಗೆ ಹಾಕಿ ಚುರುಕಾಗಿ ತುಳಿ. ಗಡಿಯಾರ ನೋಡಿ 15 ಸೆಕೆಂಡಿನಲ್ಲಿ ಬಲ ಮೊಣಕಾಲು ಎಷ್ಟು ಸಲ ಮೇಲೆ ಬಂತು ಅಂತ ಎಣಿಸು. 18ರಿಂದ 22 ಬಂದರೆ ಹದವಾಗಿದೆ. ಹತ್ತೋ ಹನ್ನೆರಡೋ ಬಂದರೆ ನೀನು ಗಾಣ ಎಳೆಯುತ್ತಿದ್ದೀ.

ಸೀಟಿನದು ಇನ್ನೊಂದು ಕಥೆ. ಚೌಕದಲ್ಲಿ ನಿಂತಾಗ ಎರಡೂ ಪಾದ ನೆಲಕ್ಕೆ ಹತ್ತಬೇಕು ಅಂತ ಸೀಟು ಇಳಿಸಿ ಕೂತಿದ್ದೀ. ನಿಲ್ಲುವಾಗ ಸೀಟಿನಿಂದ ಮುಂದೆ ಇಳಿದು ನಿಲ್ಲಬೇಕು ಕಣೋ. ಗೋಡೆ ಹಿಡಿದು ಸೈಕಲ್ ಮೇಲೆ ಕೂತು ಹಿಮ್ಮಡಿಯನ್ನು ಪೈಡಲ್ ಮೇಲಿಡು. ಪೈಡಲ್ ತಳಕ್ಕೆ ಬಂದಾಗ ಕಾಲು ನೆಟ್ಟಗಾಗಬೇಕು. ತುಳಿಯುವಾಗ ಮುಂಗಾಲು ಇಟ್ಟರೆ ತಾನಾಗಿಯೇ ಮೊಣಕಾಲು ಚೂರು ಬಾಗಿರುತ್ತದೆ. ಸೀಟು ತಗ್ಗಾದರೆ ಚಿಪ್ಪಿನ ಮುಂದೆ ನೋವು. ಬಹಳ ಎತ್ತರವಾದರೆ ಮೊಣಕಾಲ ಹಿಂದೆ ನೋವು, ಟೊಂಕವೂ ಅತ್ತಿತ್ತ ತುಯ್ಯುತ್ತದೆ. ನಿನ್ನ ತಂಗಿಯೂ ಅದೇ ಸೈಕಲ್ ಒಯ್ಯುತ್ತಾಳಲ್ಲ, ಇಬ್ಬರ ಅಳತೆಗೂ ಸೀಟಿನ ದಂಡಿಗೆಯ ಮೇಲೆ ಟೇಪು ಸುತ್ತಿ ಗುರುತು ಮಾಡಿ. ಪಂಕ್ಚರ್ ಅಂಗಡಿಯಲ್ಲಿ ಒಂದು ಪಾನಾ ಕೇಳಿದರೆ ಎರಡು ನಿಮಿಷದ ಕೆಲಸ. ಡಾಕ್ಟರ ಫೀಸಿಗಿಂತ ಸೋವಿ.

ಲ್ಯಾಪ್‌ಟಾಪು, ಬುತ್ತಿ ಡಬ್ಬಿ, ನೀರಿನ ಬಾಟಲಿ ಎಲ್ಲ ಬೆನ್ನಿಗೆ ಹೇರಿಕೊಂಡು ಹೋಗಬೇಡ. ಕ್ಯಾರಿಯರ್ ಹಾಕಿಸು. ಸೈಕಲ್ಲಿನ ಚೆಂದ ಕೆಡುತ್ತದೆ ಅನ್ನುತ್ತೀ; ಬೆನ್ನು ಕೆಟ್ಟರೆ ಚೆಂದ ನೋಡಲು ಬಗ್ಗಲೂ ಆಗುವುದಿಲ್ಲ. ಹ್ಯಾಂಡಲ್ ಹಿಡಿದಾಗ ಮೊಣಕೈ ಸಡಿಲಾಗಿರಲಿ. ಕಿರುಬೆರಳು ಜೋಮು ಹಿಡಿದರೆ ಅಂಗೈ ಮೇಲೆ ಭಾರ ಹೆಚ್ಚಾಗಿದೆ ಅಂತ ತಿಳಿ.

ರವಿವಾರದ ತಿರುಗಾಟ ಬಿಡು ಅಂತ ನಾನು ಎಂದೂ ಹೇಳುವವನಲ್ಲ. ಅದಕ್ಕೊಂದು ಮೆಟ್ಟಿಲಿರಲಿ. ಅಥಣಿ ರಸ್ತೆಗೆ ಹೊರಳಿದರೆ ತೊರವಿ ಹತ್ತಿರ. ಮೊದಲ ವಾರಗಳಲ್ಲಿ ನರಸಿಂಹನಿಗೆ ಕೈ ಮುಗಿದು, ಸಂಗೀತ ಮಹಲ್ ನೋಡಿ ತಿರುಗಿ ಬಾ. ಕಾಲು ಒಗ್ಗಿದ ಮೇಲೆ ಅದೇ ರಸ್ತೆಯಲ್ಲಿ ತಿಕೋಟಾ, ಹೋಗಿ ಬರಲು ಸುಮಾರು 40 ಕಿ.ಮೀ. ಅದೂ ಹಗುರಾದ ಮೇಲೆ ಬಬಲೇಶ್ವರ. ವಾರದ ಒಟ್ಟು ಲೆಕ್ಕ ಹಿಂದಿನ ವಾರಕ್ಕಿಂತ ಹತ್ತರಲ್ಲಿ ಒಂದು ಪಾಲು ಏರಿದರೆ ಸಾಕು. ತಿಕೋಟಾ, ಬಬಲೇಶ್ವರ ಎರಡೂ ಈಗ ತಾಲ್ಲೂಕು ಕೇಂದ್ರಗಳು. ಅತ್ತ ನೌಕರಿಗೆ ದಿನಾ ಹೋಗುವವರಿದ್ದಾರೆ. ನಿನಗೂ ವರ್ಗವಾದರೆ ಜಿದ್ದಿಗೆ ಬಿದ್ದು ದಿನಾ ತುಳಿಯಬೇಡ. ವಾರಕ್ಕೆ ಎರಡು ದಿನ ಸೈಕಲ್, ಉಳಿದ ದಿನ ಬಸ್ಸು. ಬಸ್ಸು ಹತ್ತಿದರೆ ಯಾರೂ ನಗುವುದಿಲ್ಲ.

ನಮ್ಮ ಕಡೆಯ ಗಾಳಿಯ ಗುಣವನ್ನೂ ತಿಳಿದುಕೋ. ಮುಂಗಾರಿನಲ್ಲಿ ಪಡುವಣ ಗಾಳಿ. ತಿಕೋಟಾಕ್ಕೆ ಹೋಗುವಾಗ ಎದೆಗೆ ಬಡಿಯುತ್ತದೆ, ಬರುವಾಗ ಬೆನ್ನಿಗೆ ಬಂದು ತಳ್ಳುತ್ತದೆ. ಹೋಗುವಾಗಲೇ ಹೋರಾಡಬೇಡ, ಗಿಯರು ಇಳಿಸು, ತಲೆ ತಗ್ಗಿಸು. ಚಳಿಗಾಲದ ಮೂಡಗಾಳಿ ಇದಕ್ಕೆ ತದ್ವಿರುದ್ಧ. ಹೋಗುವಾಗ ಹಾರಿದಂತೆ ಹೋಗಿ, ನನಗೆಷ್ಟು ತಾಕತ್ತು ಬಂತಲ್ಲ ಅಂತ ಹಿಗ್ಗುತ್ತೀ. ಮರಳುವಾಗ ಗಾಳಿ ಬಾಕಿ ವಸೂಲಿ ಮಾಡುತ್ತದೆ. ಬಬಲೇಶ್ವರದ ದಾರಿಯಲ್ಲಿ ಸಾರವಾಡದ ಹತ್ತಿರ ಡೋಣಿ ದಾಟಬೇಕು. ಹೊಳೆಗೆ ಇಳಿದ ಖುಷಿಯಲ್ಲಿ ಆಚೆಯ ಏರು ಮರೆಯಬೇಡ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಕತ್ತಲಲ್ಲೇ ಹೊರಡುತ್ತವೆ. ಸೈಕಲ್ಲಿನ ಹಿಂದೆ ಕೆಂಪು ದೀಪವಿಲ್ಲದೆ ಮನೆ ಬಿಡಬೇಡ. ಮಳೆಯಾದ ದಿನ ರಸ್ತೆ ಬಿಟ್ಟು ಎರೆ ಹೊಲಕ್ಕೆ ಇಳಿದರೆ ಗಾಲಿಯೇ ತಿರುಗದು, ಸೈಕಲ್ ನಿನ್ನ ಹೆಗಲೇರುತ್ತದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರು ನಮ್ಮದು. ಒಂಬತ್ತು ಗಂಟೆಗೆ ಮನೆಯಲ್ಲಿರಬೇಕು.

ಅಷ್ಟು ದೂರ ಹೋಗಿ ನೀನು ಏನು ನೋಡಿ ಬಂದೆ? ಕೇಳಿದರೆ ಫೋನು ತೋರಿಸುತ್ತೀ: ಸರಾಸರಿ ವೇಗ ಇಷ್ಟು, ಎದೆಬಡಿತ ಇಷ್ಟು. ತಿಕೋಟಾದ ದ್ರಾಕ್ಷಿ ತೋಟ, ಮಣೂಕ ಒಣಗಿಸುವ ಶೆಡ್ಡು ಫೋನಿನಲ್ಲಿ ಬರುವುದಿಲ್ಲ. ಡೋಣಿ ದಂಡೆಯಲ್ಲಿ ಬಿಳಿಜೋಳ ಹಾಲುಗಾಳಾದಾಗ ಹೊಲದವರು ಕರೆದು ಸೀತನಿ ಕೊಟ್ಟಾರು. ಮೊದಲನೆಯವನಾಗಿ ಊರು ಮುಟ್ಟಬೇಕು ಅನ್ನುವವನಿಗೆ ಅದು ಸಿಗುವುದಿಲ್ಲ. ಮಜಾಕ್ಕೆ ಹೋದವನು ಮಜಾ ಮಾಡು. ಅರ್ಧ ತಾಸಿಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆ, ನೀರು ಕುಡಿ.

ಸೈಕಲ್ ಓಟಗಾರರನ್ನು ಬೆಳೆಸಿದ ಊರು ನಮ್ಮದು. ಕ್ರೀಡಾ ವಸತಿ ನಿಲಯದ ಹುಡುಗ ಹುಡುಗಿಯರು ಸಾಲುಗಟ್ಟಿ ಹೋಗುವುದನ್ನು ನೋಡಿ ನಿನಗೂ ಹುಮ್ಮಸ್ಸು ಬರುವುದು ಸಹಜ. ಆದರೆ ಅವರಿಗೆ ಕೋಚ್ ಇದ್ದಾರೆ, ಓಟವೇ ಅವರ ಕೆಲಸ. ನಿನಗೆ ಎಂಟು ತಾಸು ಕುರ್ಚಿ ಇದೆ. ಅವರ ಹಿಂದೆ ಬಿದ್ದು ಅವರ ವೇಗ ಹಿಡಿಯಲು ಹೋಗಬೇಡ. ಕೈ ಬೀಸಿ ದಾರಿ ಬಿಡು.

ಈಗ ವಿಶ್ರಾಂತಿ. ವಾರಕ್ಕೆ ಒಂದು ದಿನ ಸೈಕಲ್ ಮುಟ್ಟಬೇಡ. ದೊಡ್ಡ ಸುತ್ತು ಹೊಡೆದ ಮರುದಿನ ಆಫೀಸಿಗೆ ಆದಷ್ಟು ಮೆಲ್ಲಗೆ ಹೋಗು, ಇಲ್ಲವೇ ನಡೆ. ನಡೆಯುವುದಕ್ಕೆ ಇನ್ನೊಂದು ಕಾರಣವಿದೆ. ಸೈಕಲ್ ಮೇಲೆ ಮೈಭಾರವನ್ನು ಸೀಟು ಹೊರುತ್ತದೆ. ಸಂದು ಸವೆದವರಿಗೂ ಡಾಕ್ಟರು ಸೈಕಲ್ ತುಳಿಯಲು ಹೇಳುವುದು ಅದಕ್ಕೇ. ಆದರೆ ಭಾರ ಹೊರದ ಎಲುಬು ಗಟ್ಟಿಯಾಗುವುದಿಲ್ಲ. ಗರಡಿ ಮನೆಯ ಹಿರಿಯರು ಸುಮ್ಮನೆ ಬೈಠಕ್ ಹೊಡೆಸುತ್ತಿರಲಿಲ್ಲ. ನೋವಾಗದಷ್ಟು ಬಗ್ಗಿ, ನಿಧಾನವಾಗಿ ಹತ್ತೆಂಟು ಬೈಠಕ್ ಹೊಡೆ. ವಾರಕ್ಕೆ ಎರಡು ಮೂರು ದಿನ ಸಾಕು. ತೊಡೆ ಗಟ್ಟಿಯಾದರೆ ಮೊಣಕಾಲಿಗೆ ನೆರವು.

ನೋವಿನಲ್ಲೂ ಜಾತಿಯಿದೆ. ತೊಡೆ, ಮೀನಖಂಡ ಹಿಡಿದುಕೊಂಡರೆ ಎರಡು ದಿನಕ್ಕೆ ಬಿಡುತ್ತದೆ, ಹೆದರಬೇಡ. ಮೊಣಕಾಲು ಬಾತರೆ, ಮಡಚಿದ್ದು ಸಿಕ್ಕಿಬಿದ್ದರೆ, ರಾತ್ರಿ ನಿದ್ದೆಗೆಡಿಸಿದರೆ ಎಲುಬಿನ ಡಾಕ್ಟರ ಹತ್ತಿರ ನಡೆ. ಗುಳಿಗೆ ನುಂಗಿ ಬಬಲೇಶ್ವರಕ್ಕೆ ಹೊರಡುವುದು ಶೌರ್ಯವಲ್ಲ, ಹುಚ್ಚು. ಹಾಗಂತ ಸಣ್ಣ ನೋವಿಗೆ ಸೈಕಲ್ ಮೂಲೆಗೆ ಹಾಕಬೇಡ. ಸಂದಿನೊಳಗಿನ ಮೃದ್ವಸ್ಥಿಗೆ ರಕ್ತನಾಳವಿಲ್ಲ. ಸಂದು ಆಡಿದಾಗ ಒಳಗಿನ ದ್ರವದಿಂದಲೇ ಅದಕ್ಕೆ ಊಟ. ದುಡಿಸದಿದ್ದರೂ ಕೆಡುತ್ತದೆ, ಹೆಚ್ಚು ದುಡಿಸಿದರೂ ಕೆಡುತ್ತದೆ. ಹದ ಹಿಡಿಯುವುದೇ ಜಾಣತನ.

ಇಷ್ಟು ಹೇಳಿದ್ದು ನಿನ್ನನ್ನು ಹೆದರಿಸಲಿಕ್ಕಲ್ಲ. ಎಪ್ಪತ್ತಕ್ಕೂ ಪೇಟೆಗೆ ಸೈಕಲ್ ಮೇಲೇ ಹೋಗುವ ಲಕ್ಷಣ ನಿನ್ನಲ್ಲಿದೆ, ಅವಸರ ಒಂದು ಬಿಟ್ಟರೆ. ಬರುವ ರವಿವಾರ ಹೊರಟಾಗ ಕರೆ, ತೊರವಿಯ ತನಕ ನಾನೂ ಬರುತ್ತೇನೆ. ಒಂದೇ ಕರಾರು: ನನ್ನ ಹಿಂದೆ ಬರಬೇಕು, ಗಂಟೆ ಬಾರಿಸಬಾರದು.